ಉದ್ದ ಬೊಟ್ಟಿನ ಫೋಟೋ

ಕೊರೊನಾ ಲಾಕ್‌ಡೌನ್‌ಗಳೆಲ್ಲ ಮುಗಿದ ಮಾರನೇ ವರ್ಷದ ಚಳಿಗಾಲದಲ್ಲಿ ನಡೆದ ಸಂಗತಿ ಇದು. ಆಗ ನಾನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೆ. ಇವತ್ತಿಗೂ ಅದೇ ಕೆಲಸ. ಯಜಮಾನರಿಗೆ ಇಲ್ಲಿನ ಕಾರ್ಖಾನೆಯಲ್ಲಿ ನೌಕರಿಯಾದಾಗ ಹಾಸನದ ಕಡೆಯಿಂದ ಬಂದವಳು ನಾನು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಸುಮ್ಮನೆ ಕೂರಲಾಗದೆ ಎರಡು ಕಂಪ್ಯೂಟರ್ ಇಟ್ಟುಕೊಂಡು ಶುರು ಮಾಡಿದ್ದು. ಬಂದವರಿಗೆ ಟೈಪಿಂಗ್ ಕಲಿಸುತ್ತೇನೆ, ಲೆಕ್ಕದ ಸಾಫ್ಟ್‌ವೇರ್ ಕಲಿಸುತ್ತೇನೆ, ಆಸಕ್ತಿಯಿದ್ದರೆ ವೆಬ್ ಪುಟ ಬರೆಯುವ HTML ಕೂಡ. HTML ಎಂದರೆ ಬ್ರೌಸರ್‌ಗೆ ನಾವು ಬರೆದುಕೊಡುವ ಸೂಚನೆಗಳು: ಇಲ್ಲಿ ಶೀರ್ಷಿಕೆ ಹಾಕು, ಇಲ್ಲಿ ಚಿತ್ರ ತೋರಿಸು, ಇಷ್ಟು ದೊಡ್ಡದಾಗಿ ತೋರಿಸು. ಬ್ರೌಸರ್ ಹೇಳಿದಷ್ಟನ್ನು ಮಾಡುತ್ತದೆ. ಇದು ಸರಿಯೇ ಎಂದು ತಿರುಗಿ ಕೇಳುವುದಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಎಲ್ಲರಿಗಿಂತ ಹಿರಿಯರು ಭೂಷಣರಾಯರು. ಕಾರ್ಖಾನೆಯ ತಪಾಸಣೆ ವಿಭಾಗದಿಂದ ನಿವೃತ್ತರಾದವರು. ಮುಂದೆ ಬಂದ ಬಿಡಿಭಾಗವೆಲ್ಲ ಒಂದೇ ಅಳತೆಯಲ್ಲಿದೆಯೇ ಎಂದು ಗೇಜ್ ಹಿಡಿದು ನೋಡುವುದರಲ್ಲೇ ಅವರ ಸರ್ವೀಸು ಕಳೆದಿತ್ತು. ತಮ್ಮ ಸಮುದಾಯದ ಸಂಘಕ್ಕೆ ವಧೂವರರ ವೆಬ್ ಪುಟವನ್ನು ತಾವೇ ಬರೆಯಬೇಕೆಂದು ಕಲಿಯಲು ಬಂದರು, ಬರೆದೂಬಿಟ್ಟರು. ಫೋಟೋಗಳೆಲ್ಲ ಸಾಲಾಗಿ, ತಲೆಗೆ ತಲೆ ಸಮನಾಗಿ ನಿಂತ ಪುಟ. “ದಾರ ಹಿಡಿದು ನೋಡಿ ಮೇಡಂ, ಒಂದು ಕೂದಲು ಹೆಚ್ಚುಕಡಿಮೆ ಇಲ್ಲ” ಎಂದು ತೋರಿಸಿದ್ದರು. ಆಗ ಅದರಲ್ಲಿ ಇದ್ದವು ಸ್ಟುಡಿಯೋದಲ್ಲಿ ತೆಗೆಸಿದ ಫೋಟೋಗಳು ಮಾತ್ರ. ನಿಜಕ್ಕೂ ಚೆನ್ನಾಗಿಯೇ ಕಾಣುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ನಾನು ನೆನೆಹಾಕಿದ ಅವರೆಕಾಳು ಹಿತುಕುತ್ತ ಕೂತಿದ್ದಾಗ ರಾಯರ ಫೋನ್ ಬಂತು.

“ಮೇಡಂ, ಸಂಘದ ರೂಮಿಗೆ ಒಂಚೂರು ಬರ್ತೀರಾ? ನನ್ನನ್ನ ಮೋಸಗಾರ ಅಂತಿದಾರೆ.”

ಪಾತ್ರೆಯನ್ನು ಯಜಮಾನರ ಮುಂದೆ ತಳ್ಳಿ ಹೊರಟೆ. ಸಂಘದ ರೂಮು ಅಂದರೆ ದಿನಸಿ ಅಂಗಡಿಯ ಮಹಡಿ ಮೇಲಿನ ಒಂದೇ ಕೋಣೆ. ಮೆಟ್ಟಿಲು ಹತ್ತುವಾಗಲೇ ಹೆಂಗಸಿನ ಗಟ್ಟಿ ದನಿ ಕೇಳುತ್ತಿತ್ತು. ಒಳಗೆ ಪುಟ ನೋಡಿ ಮದುವೆ ಮಾತುಕತೆಗಿಳಿದ ಎರಡು ಕಡೆಯವರು. ಒಂದು ಬದಿಗೆ ಹುಡುಗಿಯ ತಂದೆ ಚಲಪತಿ. ಕಾಮಸಮುದ್ರದ ಹತ್ತಿರದ ಹಳ್ಳಿಯವರು, ಬಂಗಾರಪೇಟೆಯಿಂದ ರೈಲು ಹಿಡಿದು ಗಾರೆ ಕೆಲಸಕ್ಕೆ ಹೋಗುವವರು. ಪಕ್ಕದಲ್ಲಿ ಅವರ ಮಗಳು ಪವಿತ್ರಾ. ಬಂಗಾರಪೇಟೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಎದುರು ಬದಿಗೆ ಹುಡುಗ ಕಿರಣ್, ಬಂಗಾರಪೇಟೆಯಲ್ಲೇ ಬೈಕ್ ರಿಪೇರಿ ಅಂಗಡಿ ಇಟ್ಟವನು. ಗಟ್ಟಿ ದನಿ ಅವನ ಸೋದರತ್ತೆ ಯಶೋದಮ್ಮನದು. ತಾಯಿಯಿಲ್ಲದ ಅವನನ್ನು ಸಾಕಿದಾಕೆ. ಮೇಜಿನ ಹಿಂದೆ, ಕಂಪ್ಯೂಟರಿನ ಮರೆಯಲ್ಲಿ, ಭೂಷಣರಾಯರು.

“ನೀವೇನಾ ಕಂಪ್ಯೂಟರ್ ಮೇಡಮ್ಮು? ಬನ್ನಿ. ನೀವೂ ಇವ್ರ ಕಡೇನೋ, ಇಲ್ಲ ನಿಜ ಹೇಳೋರೋ?” ಎಂದರು ಯಶೋದಮ್ಮ.

“ಏನು ವಿಷಯ ಅಂತ ಮೊದ್ಲು ಹೇಳಿಮ್ಮಾ.”

“ಏನೈತೆ ಹೇಳಾಕೆ, ನೀವೇ ನೋಡಿ.” ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದರು. “ಇದು ಪುಟದಾಗಿರೋ ಹುಡ್ಗಿ. ಉದ್ದ ಮುಖ, ಉದ್ದ ಕುತ್ತಿಗೆ, ಉದ್ದ ಬೊಟ್ಟು. ಅಲ್ಲಿ ಕೂತವ್ಳಲ್ಲ, ಅವ್ಳು ನಮ್ಗೆ ಮನೇಲಿ ತೋರ್ಸಿದ ಹುಡ್ಗಿ. ದುಂಡು ಮುಖ, ದುಂಡು ಬೊಟ್ಟು. ಓದ ವಾರ ಇವ್ರ ಮನೆಗೆ ಓದಾಗ ಕಾಫಿ ತಂದ್ಕೊಟ್ಳು ಇವ್ಳ ದೊಡ್ಡಪ್ಪನ ಮಗ್ಳು ಶೈಲಜಾ. ಅವ್ಳು ಸಣ್ಣಕೆ ಅವ್ಳೆ, ಅವ್ಳು ಇಡೋದು ಉದ್ದ ಬೊಟ್ಟು. ನಮ್ಗೇನು ಕಣ್ಣಿಲ್ವಾ? ಮದ್ವೆ ಆಗಿರೋಳ ಫೋಟೋ ಹಾಕಿ ಇವ್ಳನ್ನ ದಾಟ್ಸಾಕೆ ನೋಡವ್ರೆ. ಈ ರಾಯ್ರಿಗೆ ಎಷ್ಟು ಕೊಟ್ರೋ!”

“ಒಂದು ಕಾಫಿ ಕುಡಿದಿಲ್ಲ ಅವರ ಹತ್ರ” ಎಂದರು ರಾಯರು, ಮಾನಿಟರಿನ ಹಿಂದಿನಿಂದ.

ಚಲಪತಿಯವರು ನನ್ನ ಕಡೆ ತಿರುಗಿದರು. “ಮೇಡಂ, ಇದು ನನ್ ಮಗ್ಳ ಮದ್ವೆ ಒಂದರ ಮಾತಲ್ಲ. ಈಯಮ್ಮ ನಿನ್ನೇನೇ ನೆಂಟರ ಗುಂಪಿಗೆಲ್ಲ ವಾಯ್ಸ್ ಮೆಸೇಜ್ ಬಿಟ್ಟವ್ರೆ. ಬೆಳಿಗ್ಗೆ ಶೈಲಜಾನ ಗಂಡ ಫೋನ್ ಮಾಡಿ, ನನ್ ಹೆಂಡ್ತಿ ಫೋಟೋ ವಧೂವರರ ಪುಟದಾಗೆ ಯಾಕೈತೆ ಅಂತ ಕೇಳ್ತಾನೆ. ಶೈಲಜಾ ಅಲ್ಲಿ ಅಳ್ತಾ ಕೂತವ್ಳೆ. ನಾನೇನಂತ ಹೇಳ್ಲಿ?”

ಒಬ್ಬಳ ಮದುವೆ ತಪ್ಪುವ ಮಾತಿಗೆ ಇನ್ನೊಬ್ಬಳ ಸಂಸಾರವೂ ಸೇರಿಕೊಂಡಿತ್ತು.

ಸತ್ಯ ಹೇಳಬೇಕೆಂದರೆ ನನಗೂ ಅನುಮಾನವೇ ಬಂದಿತ್ತು. ಮೊಬೈಲಿನ ಚಿತ್ರವನ್ನೂ ಎದುರಿಗಿದ್ದ ಪವಿತ್ರಾಳನ್ನೂ ನೋಡಿದರೆ ಯಶೋದಮ್ಮ ಹೇಳಿದ್ದು ಸುಳ್ಳೆನಿಸುತ್ತಿರಲಿಲ್ಲ. ಈ ಕೆಲಸದಲ್ಲಿ “ಮೇಡಂ, ಸ್ವಲ್ಪ ಬೆಳ್ಳಗೆ ಮಾಡಿ”, “ಕೆನ್ನೆ ಸ್ವಲ್ಪ ಒಳಗೆ ತಳ್ಳಿ” ಎಂದು ಕೇಳಿಕೊಂಡು ಬರುವವರು ಬೇಕಾದಷ್ಟು. ಮುಖ ಸಣ್ಣ ಮಾಡುವ ಆ್ಯಪ್‌ಗಳು ಎಲ್ಲರ ಮೊಬೈಲಿನಲ್ಲೂ ಇವೆ. ರಾಯರ ಮೇಲೆ ನನಗೆ ನಂಬಿಕೆಯಿತ್ತು. ಆದರೂ ಯಾರೋ ಬಲವಂತ ಮಾಡಿ ಹಾಕಿಸಿರಬಹುದೇ ಎಂಬ ಯೋಚನೆ ಬಂದು ಹೋಯಿತು. ಎಲ್ಲಕ್ಕಿಂತ ಹೆಚ್ಚಾಗಿ ಪವಿತ್ರಾ ಬಾಯಿ ಬಿಡದೆ ಕೂತದ್ದು ನನಗೆ ಸರಿಕಾಣಲಿಲ್ಲ. ತಪ್ಪಿಲ್ಲದವಳು ಇಷ್ಟು ಹೊತ್ತಿಗೆ ಜಗಳವಾಡುತ್ತಿರಲಿಲ್ಲವೇ?

“ಫೋಟೋ ಕಳಿಸಿದ್ದು ಯಾರು?” ಎಂದೆ.

“ನಾನೇ ಮೇಡಂ” ಎಂದಳು ಪವಿತ್ರಾ.

“ಯಾವುದಾದರೂ ಆ್ಯಪ್‌ನಲ್ಲಿ ತಿದ್ದಿದ್ರಾ? ಮುಚ್ಚುಮರೆ ಬೇಡ.”

ಅವಳು ನನ್ನ ಮುಖವನ್ನು ನೇರವಾಗಿ ನೋಡಿದಳು. “ಏನೂ ತಿದ್ದಿಲ್ಲ. ವಾಟ್ಸಾಪ್ ಡಿಪಿಗೆ ಅಂತ ಚೌಕಕ್ಕೆ ಕತ್ತರಿಸಿದ್ದೆ, ಅಷ್ಟೇ.”

ಚೌಕ ಎಂದದ್ದು ಕಿವಿಗೆ ಬಿದ್ದಾಗ ಮತ್ತೊಮ್ಮೆ ಮೊಬೈಲ್ ನೋಡಿದೆ. ಪುಟದಲ್ಲಿದ್ದ ಅವಳ ಫೋಟೋ ಚೌಕವಾಗಿರಲಿಲ್ಲ. ಮೇಲೂ ಕೆಳಗೂ ಉದ್ದವಾಗಿತ್ತು. ರಾಯರನ್ನು ಕುರ್ಚಿಯಿಂದ ಎಬ್ಬಿಸಿ ನಾನು ಕೂತೆ.

ಇಲ್ಲಿ ಓದುಗರಿಗೆ ಒಂದಿಷ್ಟು ವಿವರಿಸಬೇಕು. ವೆಬ್ ಪುಟದೊಳಗೆ ಫೋಟೋ ಅಂಟಿಸಿರುವುದಿಲ್ಲ. ಫೋಟೋ ಬೇರೆ ಕಡತವಾಗಿಯೇ ಇರುತ್ತದೆ. ಪುಟದಲ್ಲಿ ‘img’ ಎಂಬ ಒಂದು ಸಾಲು ಬರೆದು, ಅದರ ‘src’ ಎಂಬ ಜಾಗದಲ್ಲಿ ಆ ಕಡತ ಎಲ್ಲಿದೆ ಎಂದು ತಿಳಿಸುತ್ತೇವೆ. ಎಷ್ಟು ಅಗಲಕ್ಕೆ ತೋರಿಸಬೇಕೆಂಬುದನ್ನು ‘width’ ಹೇಳುತ್ತದೆ, ಎಷ್ಟು ಎತ್ತರಕ್ಕೆ ಎಂಬುದನ್ನು ‘height’. ಅಗಲ ಒಂದನ್ನೇ ಕೊಟ್ಟರೆ ಎತ್ತರವನ್ನು ಬ್ರೌಸರ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ, ಚಿತ್ರದ ಆಕಾರ ಕೆಡುವುದಿಲ್ಲ. ಎರಡನ್ನೂ ಕೊಟ್ಟರೆ ಮಾತ್ರ, ಚಿತ್ರಕ್ಕೆ ಒಗ್ಗಲಿ ಬಿಡಲಿ, ಆ ಅಳತೆಗೆ ಹಿಗ್ಗಿಸುತ್ತದೆ ಇಲ್ಲವೇ ಕುಗ್ಗಿಸುತ್ತದೆ.

ಭೂಷಣರಾಯರು ಪ್ರತಿ ಫೋಟೋಗೂ ಅಗಲ 240, ಎತ್ತರ 320 ಪಿಕ್ಸೆಲ್ ಎಂದು ಬರೆದಿದ್ದರು. ಸ್ಟುಡಿಯೋ ಫೋಟೋಗಳ ಆಕಾರ ಅದಕ್ಕೆ ಸರಿಹೊಂದುತ್ತಿತ್ತು, ಹಾಗಾಗಿ ಯಾರಿಗೂ ತಿಳಿದಿರಲಿಲ್ಲ. ಪವಿತ್ರಾ ಕಳಿಸಿದ ಕಡತ ತೆರೆದೆ: 900ಕ್ಕೆ 900. ಅಗಲ 240 ಆದರೆ ಎತ್ತರವೂ 240 ಆಗಬೇಕಿತ್ತು. ರಾಯರ ಸಾಲು ಅದನ್ನು 320ಕ್ಕೆ ಎಳೆದಿತ್ತು. ಮುಖ, ಕುತ್ತಿಗೆ, ಬೊಟ್ಟು ಎಲ್ಲವೂ ಇರಬೇಕಾದ್ದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಉದ್ದವಾಗಿದ್ದವು. ಕಡತದಲ್ಲಿದ್ದ ಹುಡುಗಿಯ ಬೊಟ್ಟು ದುಂಡಗೇ ಇತ್ತು.

‘height’ ಅಳಿಸಿ ಪುಟವನ್ನು ಮತ್ತೆ ತೆರೆದೆ. ಸಾಲಿನ ನಡುವೆ ಪವಿತ್ರಾಳ ಫೋಟೋ ಗಿಡ್ಡವಾಯಿತು, ಮುಖ ದುಂಡಗಾಯಿತು. “ಅಯ್ಯೋ, ಸಾಲು ಹೋಯ್ತಲ್ಲ” ಎಂದರು ರಾಯರು, ತಮ್ಮ ಮೇಲಿನ ಆಪಾದನೆ ಮರೆತು.

ಯಶೋದಮ್ಮ ಬಗ್ಗಿ ನೋಡಿದರು, ನನ್ನನ್ನೂ ನೋಡಿದರು.

“ನಮ್ ಕಣ್ಮುಂದೇನೇ ಫೋಟೋ ಬದ್ಲಾಯ್ಸಿಬಿಟ್ರಲ್ಲಮ್ಮ. ಬಲೇ! ಕಂಪ್ಯೂಟರಾಗೆ ಏನ್ ಬೇಕಾದ್ರೂ ಮಾಡ್ತಾರೆ ಅಂತ ನಂಗೆ ಗೊತ್ತಿಲ್ವಾ? ನೀವೂ ಅವ್ರ ಕಡೇನೇ.”

ನನಗೆ ಸಿಟ್ಟು ಬಂತು. ಆದರೆ ನನ್ನ ಮಾತನ್ನು ಆಕೆ ಯಾಕೆ ನಂಬಬೇಕು? ನಾನೂ ಹತ್ತು ನಿಮಿಷದ ಹಿಂದೆ ಯಾರನ್ನೂ ನಂಬಿರಲಿಲ್ಲ. ಸ್ವಲ್ಪ ಯೋಚಿಸಿ, “ಅಮ್ಮಾ, ನಿಮ್ಮದೊಂದು ಫೋಟೋ ತೆಗೀಲಾ?” ಎಂದೆ.

“ನಂದ್ಯಾಕೆ? ನಂಗೇನು ಗಂಡು ನೋಡ್ತೀರಾ?”

ಕಿರಣ್‌ಗೆ ನಗು ತಡೆಯಲಾಗಲಿಲ್ಲ. “ತೆಗೆಸ್ಕೋ ಅತ್ತೆ, ಏನೂ ಆಗಲ್ಲ.”

ಯಶೋದಮ್ಮ ಸೆರಗು ಸರಿಮಾಡಿಕೊಂಡು ಕೂತರು. ಹಣೆಯಲ್ಲಿ ಕಾಸಿನಗಲದ ಕುಂಕುಮ. ಮೊಬೈಲಿನಲ್ಲಿ ಚೌಕಕ್ಕೆ ಒಂದು ಫೋಟೋ ತೆಗೆದು, ಅವರಿಗೇ ತೋರಿಸಿ, ಅವರು ನೋಡುತ್ತಿದ್ದಂತೆಯೇ ಕಂಪ್ಯೂಟರಿಗೆ ಹಾಕಿದೆ. ರಾಯರ ಹಳೆಯ ಸಾಲನ್ನೇ ನಕಲು ಮಾಡಿ, ‘src’ ಜಾಗದಲ್ಲಿ ಆಕೆಯ ಕಡತದ ಹೆಸರು ಬರೆದು, ಪುಟ ತೆರೆದೆ.

ತೆರೆಯ ಮೇಲೆ ತೆಳ್ಳಗಿನ ಒಬ್ಬ ಹೆಂಗಸು. ನೀಳ ಮುಖ, ಹಣೆಗೆ ಉದ್ದ ಕುಂಕುಮ.

ಯಶೋದಮ್ಮ ಎದ್ದು ಬಂದು ಮಾನಿಟರಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ತಮ್ಮ ಹಣೆ ಮುಟ್ಟಿಕೊಂಡು ನೋಡಿಕೊಂಡರು. “ದೇವುಡಾ! ಇದು ನಮ್ ತಂಗಿ ಇದ್ದಂಗೈತಲ್ಲ!”

“ನಿಮ್ಮ ತಂಗೀನ ನಾನು ನೋಡೇ ಇಲ್ಲಮ್ಮ. ಈಗ ತೆಗೆದ ನಿಮ್ಮ ಫೋಟೋನೇ ಅದು.” ‘height’ ಅಳಿಸಿದೆ. ಆಕೆ ಆಕೆಯಾದರು. ಮತ್ತೆ ಬರೆದೆ, ತಂಗಿಯಾದರು. ಮತ್ತೆ ಅಳಿಸಿದೆ.

“ಸಾಕು ಬಿಡಮ್ಮ, ತಲೆ ತಿರುಗ್ತದೆ.” ದನಿ ಇಳಿದಿತ್ತು. ಕುರ್ಚಿಗೆ ವಾಪಸು ಹೋಗಿ ಕೂತರು. “ಸರಿ. ನಮ್ದೇನೂ ಅಭ್ಯಂತರ ಇಲ್ಲ. ಮಾತುಕತೆ ಮುಂದುವರ್ಸೋಣ.”

ಚಲಪತಿಯವರು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು. ಇಲ್ಲಿಗೆ ಮುಗಿಯಿತೆಂದು ನಾನೂ ಎದ್ದೆ. ಆಗ ಪವಿತ್ರಾ ಮಾತಾಡಿದಳು.

“ಮೇಡಂ, ಪುಟದಾಗಿರೋ ಅವ್ರ ಫೋಟೋನೂ ಒಂದ್ಸಲ ತೋರಿಸ್ತೀರಾ?” ಎಂದು ಕಿರಣ್ ಕಡೆ ನೋಡಿದಳು.

ವರರ ಸಾಲಿಗೆ ಹೋದೆ. ಕಿರಣ್ ಬೈಕಿನ ಪಕ್ಕ ನಿಂತಿದ್ದಾನೆ, ಎತ್ತರದ ಆಳು. ಎದುರಿಗಿದ್ದ ಕಿರಣ್ ಗುಂಡುಗುಂಡಗೆ, ನನಗಿಂತ ನಾಲ್ಕು ಬೆರಳು ಎತ್ತರ ಇದ್ದರೆ ಹೆಚ್ಚು. ಅವನದೂ ಚೌಕದ ಫೋಟೋವೇ.

“ಗಾಡಿ ಚಕ್ರ ನೋಡಿ” ಎಂದಳು ಪವಿತ್ರಾ. “ಕೋಳಿಮೊಟ್ಟೆ ತರ ಐತೆ. ತಿಂಗಳ ಹಿಂದೆ ಪುಟ ನೋಡ್ದಾಗ್ಲೇ ನಂಗೆ ಕಂಡಿತ್ತು.”

“ಮತ್ತೆ ಕೇಳಲಿಲ್ಲ ಯಾಕೆ?” ಎಂದೆ.

“ನಮ್ಮಮ್ಮ ಗಂಡಿನ ಕಡೆಯೋರನ್ನ ಹಂಗೆಲ್ಲ ಕೇಳ್ಬಾರ್ದು ಅಂದ್ರು. ಸರಿ, ಮನುಷ್ಯನ್ನೇ ನೋಡೋಣ ಅಂತ ಸುಮ್ನಾದೆ. ಇವ್ರು ನಮ್ಮನೆಗೆ ಬಂದಾಗ ಫೋಟೋಗಿಂತ ಗಿಡ್ಡ ಅವ್ರೆ ಅಂತ ನಾನು ಯಾರ್ಗೂ ಮೆಸೇಜ್ ಬಿಡ್ಲಿಲ್ಲ.”

ಕಿರಣ್ ತಲೆ ತಗ್ಗಿಸಿ ನಗುತ್ತಿದ್ದ. ಯಶೋದಮ್ಮ ನಗಲಿಲ್ಲ.

“ಈಗ ಏನ್ ಮಾಡು ಅಂತೀಯಮ್ಮ?”

“ನಮ್ಮಕ್ಕ ಅಲ್ಲಿ ಅಳ್ತಾ ಕೂತವ್ಳೆ. ನೀವು ಯಾವ ಗುಂಪಿಗೆ ಹೇಳಿದ್ರೋ ಅದೇ ಗುಂಪಿಗೆ ನಿಮ್ ಬಾಯಲ್ಲೇ ಹೇಳ್ಬೇಕು. ಆಮೇಲೆ ಮದ್ವೆ ಮಾತು.”

“ಪವಿ!” ಎಂದರು ಚಲಪತಿ. ಅವಳು ತಂದೆಯ ಕಡೆ ನೋಡಲಿಲ್ಲ.

ಯಶೋದಮ್ಮ ಸೋದರಳಿಯನ ಕಡೆ ನೋಡಿದರು. ಅವನು ಆಕೆಯ ಮೊಬೈಲ್ ತೆಗೆದುಕೊಂಡು, ಗುಂಪು ತೆರೆದು, ಮೈಕಿನ ಗುರುತು ತೋರಿಸಿ ವಾಪಸು ಕೊಟ್ಟ. ಆಕೆ ಗಂಟಲು ಸರಿಮಾಡಿಕೊಂಡರು. “ಎಲ್ರೂ ಕೇಳ್ರಪ್ಪ. ಅದು ಕಂಪ್ಯೂಟರ್ ತಪ್ಪಾಗಿತ್ತಂತೆ…”

“ಕಂಪ್ಯೂಟರ್ ಏನೂ ಮಾತಾಡ್ಲಿಲ್ವಲ್ಲಮ್ಮ” ಎಂದಳು ಪವಿತ್ರಾ, ಮೆತ್ತಗೆ.

ಯಶೋದಮ್ಮ ಅದನ್ನು ಅಳಿಸಿದರು. ಮತ್ತೆ ಶುರು ಮಾಡಿದರು. “ನಾನು ಯಶೋದ. ನಿನ್ನೆ ಶೈಲಜಾ ಫೋಟೋ ಅಂತ ಹೇಳಿದ್ನಲ್ಲ, ಅದು ಸುಳ್ಳು. ಆ ಫೋಟೋ ಪವಿತ್ರಾದೇ. ನಾನು ಯಾರ್ನೂ ಕೇಳ್ದೆ ಅಂದ್ಬಿಟ್ಟೆ. ಶೈಲಜಾ ಮನೆಯೋರು ಇದನ್ನ ಕೇಳಿಸ್ಕೊಳ್ಳಿ. ಆ ಹುಡ್ಗೀದು ಏನೂ ತಪ್ಪಿಲ್ಲ.” ಕಳಿಸಿಬಿಟ್ಟು ಮೊಬೈಲನ್ನು ಮಡಿಲಿಗೆ ಹಾಕಿಕೊಂಡು, “ನಂದೂ ಹೆಣ್ಣುಮಕ್ಕಳ ಸಂಸಾರನೇ” ಎಂದು ಯಾರಿಗೂ ಅಲ್ಲದಂತೆ ಹೇಳಿದರು.

ಸಂಜೆ ರಾಯರು ಫೋನ್ ಮಾಡಿದರು. ಎಲ್ಲ ಸಾಲುಗಳಿಂದಲೂ ‘height’ ತೆಗೆದಿದ್ದರಂತೆ. ಪುಟ ಈಗ ಹಲ್ಲುಬಿದ್ದ ಬಾಯಿಯಂತಿದೆ, ಕಣ್ಣಿಂದ ನೋಡಲಾಗುವುದಿಲ್ಲ ಎಂದು ಗೊಣಗಿದರು. ಆಕಾರ ಕೆಡಿಸದೆ ಅಂಚು ಮರೆಮಾಡಿ ಸಾಲು ಕೂಡಿಸುವ ‘object-fit’ ಎಂಬ ಉಪಾಯವನ್ನು ಮರುದಿನ ಕ್ಲಾಸಿನಲ್ಲಿ ಹೇಳಿಕೊಟ್ಟೆ. ಸುಗ್ಗಿ ಹಬ್ಬ ಕಳೆದು ಕೆಲವು ವಾರಗಳ ಮೇಲೆ ಅವರು ಪುಟದಿಂದ ಎರಡು ‘img’ ಸಾಲು ಅಳಿಸಿದರು: ವಧುಗಳ ಪಟ್ಟಿಯಿಂದ ಪವಿತ್ರಾಳದು, ವರರ ಪಟ್ಟಿಯಿಂದ ಕಿರಣ್‌ನದು. ಅಳಿಸುವ ಮುಂಚೆ ನನ್ನನ್ನು ಕರೆದು ತೋರಿಸಿದರು. ಅವರಿಬ್ಬರ ಮದುವೆಯಲ್ಲಿ ಶೈಲಜಾ ಗಂಡನ ಜೊತೆಗೇ ಓಡಾಡುತ್ತಿದ್ದುದನ್ನು ಕಣ್ಣಾರೆ ಕಂಡೆ.

ಫೋಟೋ ಸುಳ್ಳು, ಯಾರೋ ಬದಲಾಯಿಸಿದ್ದಾರೆ ಎಂದು ಇವತ್ತಿಗೂ ಆಗಾಗ ಯಾರಾದರೂ ಬರುತ್ತಾರೆ. ಮೊದಲಾಗಿದ್ದರೆ ನಾನು ತಕ್ಷಣ ಕಂಪ್ಯೂಟರ್ ತೆರೆಯುತ್ತಿದ್ದೆ. ಈಗ ಅವರನ್ನು ಕೂರಿಸಿ, ನೀರು ಕೊಟ್ಟು, ಈ ವಿಷಯವನ್ನು ಇಷ್ಟರಲ್ಲಿ ಯಾರ್ಯಾರಿಗೆ ಹೇಳಿದ್ದೀರಿ ಎಂದು ಕೇಳುತ್ತೇನೆ. ತಪ್ಪು ಸಾಲು ಪುಟದಲ್ಲಿ ಎಲ್ಲಿದೆಯೋ ಅಲ್ಲೇ ಇರುತ್ತದೆ, ನಾನು ಹೋಗಿ ತಿದ್ದುವವರೆಗೂ ಕಾಯುತ್ತದೆ. ಬಾಯಿಂದ ಹೊರಟದ್ದು ಅಷ್ಟರಲ್ಲಿ ಯಾರ ಮನೆ ಬಾಗಿಲಲ್ಲಿರುತ್ತದೋ ಗೊತ್ತಿಲ್ಲ. ಮೊದಲು ಅಲ್ಲಿಗೆ ಫೋನ್ ಮಾಡಿಸಿ, ಆಮೇಲೆ ನಾನು ಕಂಪ್ಯೂಟರ್ ತೆರೆಯುತ್ತೇನೆ.