ಆನೆ ತವರಿಗೆ ಹೊರಟಿತು

ನಮ್ಮ ದೊಡ್ಡಪ್ಪ ಗಾರೆ ಕೆಲಸದವರು. ಹರೆಯದಲ್ಲಿ ಕೋಟೆಯ ಕಲ್ಲು ಕಿತ್ತು ಅರ್ಧ ಊರಿಗೆ ಮನೆ ಕಟ್ಟಿದರು. ಈಗ ಕೂಲಿಗೆ ಅದೇ ಕೋಟೆಯನ್ನು ರಿಪೇರಿ ಮಾಡುತ್ತಾರೆ. ನಾನು ಅಲ್ಲಿನ ಗೈಡು. ಗೋಡೆ ಒಡೆದವರು ಶತ್ರುಗಳೆಂದು ಪ್ರವಾಸಿಗರಿಗೆ ಹೇಳಿ ಹೊಟ್ಟೆ ಹೊರೆಯುವವನು.

ಕೋಟೆಯ ಹೆಬ್ಬಾಗಿಲ ಕಲ್ಲುಸಾಲಿನಲ್ಲಿ ಆನೆ ಕೆತ್ತಿದ ಕಲ್ಲೊಂದು ಕಾಣೆಯಾಗಿತ್ತು. ಅದು ನಮ್ಮ ಹಿತ್ತಿಲಲ್ಲಿ ಮುಖ ಕೆಳಗಾಗಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ರಿಪೇರಿ ನೋಡಿಕೊಳ್ಳುವ ಎಂಜಿನಿಯರು ಆ ಜಾಗಕ್ಕೆ ಹೊಸ ಕಲ್ಲು ತರಿಸುತ್ತೇನೆಂದ ದಿನ ದೊಡ್ಡಪ್ಪ ಅದನ್ನು ಎಬ್ಬಿಸಿ ತಳ್ಳುಗಾಡಿಗೆ ಹೇರಿದರು.

"ಕತ್ತಲಾಗ್ಲಿ ದೊಡ್ಡಪ್ಪ, ಮಾನ ಹೋಗುತ್ತೆ."

"ಕತ್ತಲಲ್ಲೇ ಕಣೋ ತಂದಿದ್ದು. ಕೊಡೋಕೂ ಕಳ್ಳನ ಹಾಗೆ ಹೋಗ್ಲಾ?"

ಹಾಡಹಗಲೇ ಗಾಡಿ ಪೇಟೆಬೀದಿಗೆ ಇಳಿಯಿತು. ನಾನು ಎದುರು ಬದಿಯಲ್ಲಿ ಫೋನ್ ನೋಡುತ್ತ, ಯಾರೋ ಎಂಬಂತೆ ನಡೆದೆ.

"ಏನ್ ಮೇಸ್ತ್ರಿ, ಆನೆ ಎಲ್ಲಿಗೆ?" ಎಂದು ಕ್ಷೌರಿಕ ನಕ್ಕ.

"ತವರಿಗೆ ಕಳಿಸ್ತಿದ್ದೀನಪ್ಪ. ನಾನೇ ಕಿತ್ತು ತಂದಿದ್ದಲ್ವಾ?"

ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿತು. ಬೆಳಿಗ್ಗೆ ನನ್ನ ಕಥೆ ಕೇಳಿದ್ದ ಪ್ರವಾಸಿಯೊಬ್ಬ ಓಡಿಬಂದು ಗಾಡಿಗೆ ಕೈಹಚ್ಚಿದ. ನನ್ನತ್ತ ತೋರಿಸಿ, "ಶತ್ರುಗಳು ಗೋಡೆ ಒಡೆದ್ರು ಅಂದ್ರಲ್ಲ, ಆ ಗೈಡು ನಿಮಗೆ ಗೊತ್ತಾ?" ಎಂದ.

ದೊಡ್ಡಪ್ಪ ನನ್ನನ್ನೊಮ್ಮೆ ನೋಡಿದರು. "ಇಲ್ಲಪ್ಪ, ಯಾರೋ ಏನೋ."

ನನ್ನ ಮಾನ ಉಳಿಸಲು ಅವರು ಆಡಿದ ಸುಳ್ಳು ಕೇಳಿ ನಿಂತ ನೆಲವೇ ನುಂಗಬಾರದೇ ಎನಿಸಿತು. ಬೀದಿ ದಾಟಿ ಗಾಡಿಗೆ ಹೆಗಲು ಕೊಟ್ಟೆ. "ಇವರು ನಮ್ಮ ದೊಡ್ಡಪ್ಪ" ಎಂದೆ, ತಲೆ ಮಾತ್ರ ಎತ್ತಲಾಗಲಿಲ್ಲ.