ಮೂರು ಸಾಲಿನ ಅರ್ಜಿ

ಹೋದ ತಿಂಗಳು ಹಿರಿಯೂರಿನ ಸೈಬರ್ ಅಂಗಡಿಯಲ್ಲಿ ಮಗಳ ಡಿಗ್ರಿ ಅರ್ಜಿ ತುಂಬಿಸುತ್ತಿದ್ದೆ. ವಿಷಯಗಳ ಪಟ್ಟಿಯಲ್ಲಿ ತತ್ವಶಾಸ್ತ್ರದ ಮೇಲೆ ಬೆರಳಿಟ್ಟು ತೋರಿಸಿದರೆ, ‘ಕೆಲಸ ಸಿಗದಿದ್ದನ್ನ ಯಾಕಪ್ಪ ಓದ್ಬೇಕು?’ ಅಂದಳು. ಆ ಮಾತು ನನ್ನದೇ. ಇಪ್ಪತ್ತೈದು ವರ್ಷಗಳ ಹಿಂದೆ ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಟ್ಟಿದ್ದೆ.

ಆಗ ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಬಿ.ಎ. ಓದುತ್ತಿದ್ದೆ. ಬೇರೆ ವಿಷಯಗಳೆಲ್ಲ ಭರ್ತಿಯಾಗಿದ್ದರಿಂದ ತರ್ಕಶಾಸ್ತ್ರ ನನ್ನ ಪಾಲಿಗೆ ಬಂದಿತ್ತು. ಇದ್ದವರು ಐದೇ ಜನ. ಅದಕ್ಕಿಂತ ಕಡಿಮೆಯಾದರೆ ತರಗತಿ ಮುಚ್ಚುವುದು ಕಾಲೇಜಿನ ನಿಯಮ. ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಮೇಷ್ಟ್ರು ಕಾಯಂ ನೌಕರರಲ್ಲ. ತರಗತಿ ಇದ್ದರಷ್ಟೇ ಅವರಿಗೆ ಕೆಲಸ.

ಅವರದೊಂದು ವಿಚಿತ್ರ ಪದ್ಧತಿಯಿತ್ತು. ರಜಾ ಅರ್ಜಿಯನ್ನೂ ತರ್ಕದ ಮೂರು ಸಾಲಿನಲ್ಲೇ ಬರೆಯಬೇಕು. ಗೆಳೆಯರ ಜೊತೆ ಚಂದ್ರವಳ್ಳಿಯಲ್ಲಿ ಅಲೆದು ಬಂದ ಮರುದಿನ ನಾನು ಬರೆದೆ: ಜ್ವರ ಬಂದವರು ಮನೆಯಲ್ಲಿರಬೇಕು, ನನಗೆ ಜ್ವರ ಬಂದಿತ್ತು, ಆದ್ದರಿಂದ ನಾನು ಮನೆಯಲ್ಲಿರಬೇಕಾಯಿತು. ಮೇಷ್ಟ್ರು ಓದಿ, ‘ಕಟ್ಟಿರೋದು ಸರಿಯಾಗೈತೆ. ಜ್ವರ ಮಾತ್ರ ಸುಳ್ಳು’ ಅಂದರು. ನಿಮಗೆ ನಗು ಬರಬಹುದು, ನಾವೂ ನಕ್ಕೆವು.

ಎರಡನೇ ವರ್ಷ ಅರ್ಥಶಾಸ್ತ್ರದಲ್ಲಿ ಒಂದು ಜಾಗ ಖಾಲಿಯಾಯಿತು. ನಾನು ವಿಷಯ ಬದಲಾವಣೆಗೆ ಮೂರು ಸಾಲು ಬರೆದೆ: ಕೆಲಸ ಕೊಡಿಸದ ವಿಷಯವನ್ನು ಓದಬಾರದು, ತರ್ಕಶಾಸ್ತ್ರ ಕೆಲಸ ಕೊಡಿಸುವುದಿಲ್ಲ, ಆದ್ದರಿಂದ ಅದನ್ನು ನಾನು ಓದಬಾರದು. ಮೇಷ್ಟ್ರು ಎರಡು ಸಲ ಓದಿದರು. ‘ಕಟ್ಟಿರೋದ್ರಲ್ಲಿ ತಪ್ಪಿಲ್ಲಪ್ಪ’ ಎಂದು ಸಹಿ ಹಾಕಿದರು. ತಿಂಗಳೊಳಗೆ ತರಗತಿ ಮುಚ್ಚಿತು. ಐವರ ಲೆಕ್ಕ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿದ್ದೂ ಬರೆದಿದ್ದೆ.

ನನಗೆ ಕೆಲಸವೇನೋ ಸಿಕ್ಕಿತು. ಅರ್ಥಶಾಸ್ತ್ರದ ಒಂದು ಪುಟವೂ ಈಗ ನೆನಪಿಲ್ಲ. ಯಾರಾದರೂ ಜೋರಾಗಿ ವಾದ ಮಾಡಿದಾಗ, ಇದು ಯಾವುದರಿಂದ ಬಂತು ಎಂದು ಒಳಗೇ ಕೇಳಿಕೊಳ್ಳುವ ಅಭ್ಯಾಸ ಮಾತ್ರ ಉಳಿದಿದೆ. ಅದು ಮೇಷ್ಟ್ರು ಕೊಟ್ಟದ್ದು. ಆದರೂ ಆಫೀಸಿನಲ್ಲಿ ಚಹಾ ಕುಡಿಯುವಾಗಲೆಲ್ಲ, ತರ್ಕದ ಮೇಷ್ಟ್ರನ್ನು ತರ್ಕದಲ್ಲೇ ಸೋಲಿಸಿದವನು ನಾನು ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಮಗಳ ಮಾತು ಕೇಳಿದ ಮೇಲೆ ಮನಸ್ಸು ತಡೆಯಲಿಲ್ಲ. ವಿಚಾರಿಸಿಕೊಂಡು ಹೊಳಲ್ಕೆರೆಗೆ ಹೋದೆ. ಮೇಷ್ಟ್ರು ತಾಲ್ಲೂಕು ಕಚೇರಿಯ ಎದುರು ಚಿಕ್ಕ ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹೇಳಿಕೊಂಡೆ. ನೆನಪಿತ್ತು ಅವರಿಗೆ.

‘ಸರ್, ವಿಷಯ ಬದಲಾಯಿಸೋಕೆ ಅವತ್ತು ನಾನು ಬರೆದ ಅರ್ಜಿಲಿ ಮೊದಲನೇ ಸಾಲೇ ಸುಳ್ಳು, ಕೆಲಸ ಕೊಡಿಸದ್ದನ್ನ ಓದಬಾರದು ಅನ್ನೋದು’ ಅಂದೆ.

‘ಅವತ್ತೇ ಗೊತ್ತಿತ್ತಪ್ಪ.’

‘ಮತ್ತೆ ಯಾಕೆ ಹೇಳ್ಲಿಲ್ಲ ಸರ್?’

ಅವರು ಪೆನ್ನಿನ ಮುಚ್ಚಳ ಹಾಕಿದರು. ‘ನಾನು ಹೇಳಿದ್ರೆ ಅದು ಪಾಠ ಅನ್ಸ್ತಿರಲಿಲ್ಲ. ಕೆಲಸ ಉಳಿಸ್ಕಳಕೆ ಹುಡುಗನ ಕಾಲು ಹಿಡಿದಂಗೆ ಆಗ್ತಿತ್ತು.’

ಆಮೇಲೆ, ಕಾಯುತ್ತಿದ್ದ ಹೆಂಗಸಿಗೆ ‘ಬರ್ರಿ, ಕುಂತ್ಕಳ್ರಿ’ ಅಂದು ಅವಳ ಅರ್ಜಿ ಶುರು ಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮೇಷ್ಟ್ರನ್ನು ಸೋಲಿಸಿದ ಕಥೆಯನ್ನು ಅಂದಿನಿಂದ ಎಲ್ಲೂ ಹೇಳಿಲ್ಲ.