ಕುಳಿತುಕೊಳ್ಳಲು ಕಲಿತ ಗೊಂಬೆಗಳು

ವೈನಿಯ ಸೂಜಿಗಳ ಜಾಗ ಅವಳ ತುರುಬು. ಮೂರೋ ನಾಲ್ಕೋ ಸೂಜಿ, ಒಂದೊಂದಕ್ಕೂ ಒಂದೊಂದು ಬಣ್ಣದ ದಾರದ ಬಾಲ. ನೀರಿಗೆ ಹೋಗುವಾಗಲೂ ಅವು ಅಲ್ಲೇ. ಕೊಡ ಸೊಂಟಕ್ಕಿಟ್ಟು ಅವಳು ನಡೆದರೆ ಕೆಂಪು, ಕಪ್ಪು, ಹಳದಿ ಎಳೆಗಳು ಕತ್ತಿನ ಮೇಲೆ ಓಲಾಡುತ್ತಿದ್ದವು. ಕಪ್ಪು ದಾರ ಗಿಡ್ಡಾಗಿದ್ದರೆ ಇವತ್ತು ಯಾವುದೋ ಗೊಂಬೆಗೆ ಕೂದಲು ಬಂತು ಎಂದು ನಾವು ಹುಡುಗಿಯರು ಅಂದಾಜು ಮಾಡುತ್ತಿದ್ದೆವು.

ಬೆಟಗೇರಿಯ ನೇಕಾರ ಓಣಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯ ಸೊಸೆ ಅವಳು. ಸೊರಟೂರಿನ ಹುಡುಗಿ. ನನಗಿಂತ ನಾಲ್ಕು ವರ್ಷಕ್ಕೆ ಹಿರಿಯಳು. ರಕ್ತಸಂಬಂಧವೇನೂ ಇರಲಿಲ್ಲ, ಆದರೆ ಓಣಿಗೆಲ್ಲ ಅವಳು ವೈನಿ, ಅಂದರೆ ಅತ್ತಿಗೆ. ಮಗ್ಗದ ಮನೆಯಲ್ಲಿ ಹೆಂಗಸರಿಗೆ ಬಿಡುವೆಂಬುದೇ ಇಲ್ಲ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಬೇಕು, ರೊಟ್ಟಿ ಬಡಿಯಬೇಕು, ಮಕ್ಕಳನ್ನು ನೋಡಬೇಕು. ಇವಳು ಅದರ ನಡುವೆಯೇ ಗೊಂಬೆಗಳ ಹುಚ್ಚು ಹತ್ತಿಸಿಕೊಂಡಿದ್ದಳು. ಮಕ್ಕಳಿಗಾಗಿ ಮಾಡುತ್ತಿದ್ದಳೆಂದು ತಿಳಿಯಬೇಡಿ. ಅವಳ ಗೊಂಬೆಗಳನ್ನು ಅವಳ ಮಕ್ಕಳು ಮುಟ್ಟಿದರೆ ಬೆನ್ನಿಗೆ ಒಂದು ಬೀಳುತ್ತಿತ್ತು.

ಆಗ ಗದಗದ ಸ್ಟೇಷನ್ ರಸ್ತೆಯ ಅಂಗಡಿಗಳಿಗೆ ಮುಂಬೈಯಿಂದ ಗೊಂಬೆಗಳು ಬರುತ್ತಿದ್ದವು. ಗುಲಾಬಿ ಕೆನ್ನೆ, ನೀಲಿ ಕಣ್ಣು, ಕಡ್ಡಿಯಂಥ ಕೈಕಾಲು, ಎಲ್ಲವೂ ಒಂದೇ ಅಚ್ಚಿನವು. ಮೊದಲ ಮಗ ಹುಟ್ಟಿದಾಗ ಅವಳ ಗಂಡ ಅಂಥದ್ದೊಂದನ್ನು ತಂದ. ಕೂಸು ಅದರ ಕಡೆ ತಿರುಗಿಯೂ ನೋಡಲಿಲ್ಲ. ವೈನಿ ಮಾತ್ರ ಒಂದು ವಾರ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, “ಇದಕ್ಕ ಎಲ್ಲಾ ಐತಿ, ಕುಂಡ್ರಾಕ ಒಂದ ಬರಂಗಿಲ್ಲ” ಅಂದಳಂತೆ.

ಮರುದಿನ ಅದರ ಕೈಕಾಲು ಕತ್ತರಿಸಿದಳು. ತಲೆಯೊಂದನ್ನು ಉಳಿಸಿಕೊಂಡು, ಸೀಮೆಎಣ್ಣೆಯಿಂದ ಅದರ ಬಣ್ಣ ಒರೆಸಿ ಕಾಡಿಗೆಯಲ್ಲಿ ಬೇರೆ ಕಣ್ಣು ಬರೆದಳು. ಹಳೇ ಧೋತರದ ಬಟ್ಟೆಯಲ್ಲಿ ಮೈ ಹೊಲಿದು, ಮಗ್ಗದ ಕೆಳಗೆ ಉದುರಿದ ನೂಲು ತುಂಬಿ, ಕೂಡುವ ಕಡೆ ಭಾರಕ್ಕೆಂದು ಹಳ್ಳದ ಉಸುಕು ಹಾಕಿದಳು. ಬಟ್ಟೆಗೂ ರೇಷನ್ ಇದ್ದ ಕಂಟ್ರೋಲಿನ ದಿನಗಳು. ಮನುಷ್ಯರಿಗೇ ಬಟ್ಟೆ ಸಿಗದ ಕಾಲದಲ್ಲಿ ಅವಳ ಗೊಂಬೆಗಳು ಮಗ್ಗದ ತುದಿಯಲ್ಲಿ ಉಳಿದ ಗೇಣುದ್ದದ ಸೀರೆ ಉಟ್ಟು ಠೀವಿಯಿಂದ ಕುಳಿತಿದ್ದವು.

ಅವುಗಳಲ್ಲಿ ಎರಡು ಒಂದೇ ಥರ ಕುಳಿತದ್ದಿಲ್ಲ. ಒಬ್ಬಳು ಅಕ್ಕಿ ಹಸನು ಮಾಡುವಾಗ ಕೂಡುವಂತೆ, ಒಬ್ಬಳು ಕೂಸಿಗೆ ಎರೆಯುವಾಗ ಕೂಡುವಂತೆ, ಒಬ್ಬ ಮುದುಕ ಯಾರದೋ ದಾರಿ ಕಾಯುತ್ತ ಕಟ್ಟೆಯ ಮೇಲೆ ಕೂಡುವಂತೆ. ವೈನಿ ಅವುಗಳನ್ನು ಗೋಡೆಗೆ ಮುಖ ಮಾಡಿ ಕೂಡಿಸಿ, ಇವರು ಯಾರು ಹೇಳಿರಿ ಎಂದು ನಮ್ಮನ್ನು ಕೇಳುತ್ತಿದ್ದಳು. ಬೆನ್ನು ನೋಡಿಯೇ ನಾವು ಓಣಿಯವರ ಹೆಸರು ಹೇಳಿಬಿಡುತ್ತಿದ್ದೆವು. ಮುಖ ಯಾಕೆ ಎಲ್ಲಕ್ಕಿಂತ ಕೊನೆಗೆ ಬರೆಯುತ್ತೀ ಎಂದು ನಾನು ಒಮ್ಮೆ ಕೇಳಿದಾಗ ಅವಳು ಹೇಳಿದ್ದು ಇಷ್ಟು: “ಮಾರಿ ಮಂದೀಗೆ ತೋರಸಾಕ ಇರ್ತೈತಿ. ಕುಂಡ್ರೂದು ನಮ್ಮದಷ್ಟ.” ತಾನು ಮಾತ್ರ ಬಲ ಮೊಣಕಾಲೆತ್ತಿ, ಅದರ ಮೇಲೆ ಗದ್ದ ಊರಿ ಕೂಡುತ್ತಿದ್ದಳು. ಹಾಗೆ ಕೂತರೆ ದಾರಿದ್ರ್ಯ ಬರುತ್ತದೆ ಎಂದು ಅವಳ ಅತ್ತೆ ಗೊಣಗಿ ಗೊಣಗಿ ಸೋತಿದ್ದರು.

ಸ್ವಾತಂತ್ರ್ಯ ಬಂದ ಮರುವರ್ಷ ನನಗೆ ಲಕ್ಷ್ಮೇಶ್ವರದ ಸಂಬಂಧ ಬಂತು. ಆ ಊರು ಸಂಸ್ಥಾನದಿಂದ ಮುಂಬೈ ಪ್ರಾಂತಕ್ಕೆ ಸೇರಿದ ಹೊಸದು. ಬೇರೆ ರಾಜ್ಯದವರು ಈಗ ನಮ್ಮವರಾದರು ಎಂದು ಕನ್ನಡ ಶಾಲೆಯ ಮಾಸ್ತರರಾಗಿದ್ದ ಅಪ್ಪ ಚೇಷ್ಟೆ ಮಾಡುತ್ತಿದ್ದರು. ಹೆಣ್ಣು ನೋಡಲು ಬಂದ ದಿನ ನನ್ನ ಅತ್ತೆಯಾಗುವವರು ಜಮಖಾನೆಯ ಮೇಲೆ ಎರಡೂ ಕಾಲು ಮಡಚಿ, ತಾಸುಗಟ್ಟಲೆ ಅಲುಗಾಡದೆ ಕುಳಿತಿದ್ದರು. ಮುಖ ಬಿಗಿದಿತ್ತು. ಒಂದು ಸಲವೂ ನಗಲಿಲ್ಲ. ಇಂಥವರ ಕೈಯಲ್ಲಿ ಹೇಗೆ ಬಾಳುವುದು ಎಂದು ಆ ಬಿಗಿದ ಮುಖ ನೋಡಿ ನಾನು ಒಳಗೇ ಅಳುಕಿದೆ. ನನಗೆ ಸೀರೆ ಉಡಿಸಲು ಬಂದಿದ್ದ ವೈನಿಯೇ ಅವರಿಗೆ ಕೈಕಾಲು ತೊಳೆಯಲು ಹಿತ್ತಲು ತೋರಿಸಿದಳು. ತುಸು ತಡವಾಗಿ ತಿರುಗಿ ಬಂದು ನನ್ನ ಸೆರಗು ಸರಿಮಾಡತೊಡಗಿದಳು.

ಲಗ್ನ ನಿಶ್ಚಯವಾಯಿತು. ಮರಾಠಿ ಸೀಮೆಯಿಂದ ನಮ್ಮ ಕಡೆಗೂ ಬಂದ ಪದ್ಧತಿಯೊಂದಿದೆ, ರುಖವತ. ಹೆಣ್ಣಿನ ಕಡೆಯವರು ತಮ್ಮ ಕೈಕೆಲಸ, ತಿಂಡಿ, ಗೊಂಬೆ ಎಲ್ಲವನ್ನೂ ಬೀಗರ ಮುಂದೆ ಹರವಿಡುವುದು. ಗೊಂಬೆಗಳಲ್ಲಿ ಬೀಗರನ್ನು ಸ್ವಲ್ಪ ಕಿಚಾಯಿಸಿದರೂ ನಡೆಯುತ್ತದೆ. ವೈನಿ ಹೆಣ್ಣು ನೋಡಿದ ಆ ದಿನವನ್ನೇ ಗೊಂಬೆಗಳಲ್ಲಿ ಮಾಡಿಕೊಡುತ್ತೇನೆಂದಳು. ಎರಡು ತಿಂಗಳು ಅವಳ ತುರುಬಿನ ದಾರಗಳು ದಿನಕ್ಕೊಂದು ಬಣ್ಣವಾದವು.

ಲಗ್ನದ ಹಿಂದಿನ ದಿನ ಮಧ್ಯಾಹ್ನ ಅವಳು ಗೊಂಬೆಗಳನ್ನು ತಂದು ಜೋಡಿಸಿದಳು. ತಲೆ ತಗ್ಗಿಸಿದ ನಾನು, ಪಂಚಾಂಗ ಹಿಡಿದ ಅಪ್ಪ, ಮೀಸೆ ತಿರುವುವ ವರ. ಅತ್ತೆಯ ಗೊಂಬೆ ನೋಡಿ ಅವ್ವನ ಮುಖ ಬಿಳಿಚಿತು. ಅದು ಬಲಗಾಲನ್ನು ನೆಟ್ಟಗೆ ಚಾಚಿ, ಮೊಣಕಾಲ ಮೇಲೆ ಅಂಗೈ ಒತ್ತಿ ಕುಳಿತಿತ್ತು. ಬೀಗಿತಿಯ ಕಾಲಿಗೆ, ಮಡಚಿದರೆ ನೋಯುವಂಥ ಊನವಿದೆಯೆಂಬುದು ನಮಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಮಡಚು ಆ ಕಾಲನ್ನು ಎಂದು ಅವ್ವ ಗದರಿದಳು. ಮಡಚಿದರೆ ಅವರು ಬೇರೆಯವರೇ ಆಗಿಬಿಡುತ್ತಾರೆ ಎಂದಳು ವೈನಿ.

“ಸಾವಿರ ಸುಳ್ಳ ಹೇಳಿ ಒಂದ ಲಗ್ನಾ ಮಾಡ್ತಾರವಾ,” ಅಂದಳು ಅವ್ವ. “ನೀ ಒಂದ ಖರೆ ಹೇಳಿ ಆಗೂ ಲಗ್ನಾ ಮುರೀತಿ.”

ಗೊಂಬೆಯನ್ನು ಒಳಗೆ ಒಯ್ಯಲು ಪುರಸೊತ್ತು ಸಿಗಲಿಲ್ಲ. ಬೀಗರ ಹೆಂಗಸರು ಹಂದರದೊಳಗೆ ಬಂದೇಬಿಟ್ಟರು. ಅವ್ವ ಅದನ್ನು ಬುಂದಿ ಉಂಡೆಗಳ ತಟ್ಟೆಯ ಹಿಂದೆ ತಳ್ಳಿದಳು. ಮುಚ್ಚಿಟ್ಟದ್ದು ಬೀಗರ ಕಣ್ಣಿಗೇ ಮೊದಲು ಬೀಳುತ್ತದೆ. ಅತ್ತೆಯ ನಾದಿನಿ ಅದನ್ನು ಎತ್ತಿ ಹಿಡಿದು, “ನಮ್ಮ ವೈನೀ ಕಾಲ ಹಂಗಿಸಾಕ ಮಾಡೀರೇನು ಇದನ್ನ?” ಎಂದರು. ಈ ಲಗ್ನ ಮುರಿಯಿತು, ಇನ್ನು ಅಪ್ಪ ತಲೆಯೆತ್ತಿ ಓಡಾಡುವಂತಿಲ್ಲ ಎಂದುಕೊಂಡೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ವೈನಿಯ ಮೇಲೆ ನನಗೆ ಬಂದಷ್ಟು ಸಿಟ್ಟು ಆಮೇಲೆ ಯಾರ ಮೇಲೂ ಬಂದಿಲ್ಲ.

ಅತ್ತೆ ಮುಂದೆ ಬಂದು ಗೊಂಬೆಯನ್ನು ಇಸಿದುಕೊಂಡರು. ಬಹಳ ಹೊತ್ತು ನೋಡಿ, ಯಾರು ಮಾಡಿದ್ದು ಎಂದು ಕೇಳಿದರು. ವೈನಿ ಎದ್ದು ನಿಂತಳು. ಅವಳ ತುರುಬಿನ ದಾರಗಳು ನಡುಗುತ್ತಿದ್ದವು.

“ಎಲ್ಲಿ ನೋಡಿದಿ ಇದನ್ನ?”

“ಹಿತ್ತಲದಾಗ್ರಿ. ನೀವು ಬಾಗಲಾ ಮುಚ್ಚಿ ಕಟ್ಟಿ ಮ್ಯಾಲ ಕಾಲ ಚಾಚಿದ್ರಿ. ಬಾಗಲಾ ಸಂದೀಲೆ ಕಂಡ್ತರಿ. ಆವಾಗ ನಿಮ್ಮ ಮಾರಿ ಹಗೂರ ಆತು. ನಾ ಆ ಮಾರಿ ಮಾಡೇನ್ರಿ. ಕಾಲ ಅಲ್ಲ.”

ಆಗಲೇ ನಾನೂ ಗೊಂಬೆಯ ಮುಖ ನೋಡಿದ್ದು. ಅದು ನಗುತ್ತಿರಲಿಲ್ಲ. ದಿನವಿಡೀ ಹೊತ್ತ ಹೊರೆಯನ್ನು ಈಗಷ್ಟೇ ಇಳಿಸಿದವರ ಮುಖ. ಅತ್ತೆ ಹೆಂಗಸರ ನಡುವೆ ಜಮಖಾನೆಯ ಮೇಲೆ ಮೆಲ್ಲಗೆ ಕುಳಿತರು. ಎಡಗಾಲು ಮಡಚಿದರು. ಬಲಗಾಲನ್ನು ಎಲ್ಲರ ಕಣ್ಣೆದುರು ನೀಟಾಗಿ ಚಾಚಿ, ಅಂಗೈ ಮೊಣಕಾಲ ಮೇಲಿಟ್ಟುಕೊಂಡರು.

“ಒಂದ ತಂಬಿಗಿ ನೀರ ಕೊಡ್ರಿ,” ಅಂದರು.

ಲಗ್ನವಾಯಿತು. ಬುಂದಿ ಉಂಡೆಗಳನ್ನೂ ಬೀಗರು ಚೆನ್ನಾಗಿಯೇ ಬಾರಿಸಿದರು. ನನ್ನನ್ನು ಸರ್ವಿಸ್ ಮೋಟಾರು ಹತ್ತಿಸಲು ಬಂದ ವೈನಿ ಮಾತ್ರ ಸಪ್ಪಗಿದ್ದಳು. ಎಲ್ಲ ಸುಸೂತ್ರವಾಯಿತಲ್ಲ ಎಂದು ನಾನು ಅಂದರೆ ಅವಳು ತಲೆ ಅಲ್ಲಾಡಿಸಿದಳು. “ಕೇಳಿ ಮಾಡಬೇಕಾಗಿತ್ತ. ಒಬ್ಬರ ನೋವು ತಗೊಂಡು ನಾ ಶಾಣ್ಯಾಕಿ ಆಗಬಾರದಾಗಿತ್ತ.” ಅಂದಿನಿಂದ ಅವಳು ಯಾರನ್ನೂ ಕೇಳದೆ ಅವರ ಗೊಂಬೆ ಮಾಡಲಿಲ್ಲ. ಬೇಡ ಅಂದವರದನ್ನು ಅರ್ಧಕ್ಕೇ ಬಿಚ್ಚಿ, ಆ ಉಸುಕನ್ನು ಮತ್ತೊಂದಕ್ಕೆ ತುಂಬಿದ್ದನ್ನೂ ನೋಡಿದ್ದೇನೆ.

ಲಕ್ಷ್ಮೇಶ್ವರದ ಮನೆಯಲ್ಲಿ ಅತ್ತೆ ಆ ಗೊಂಬೆಯನ್ನು ದೇವರ ಗೂಡಿನ ಪಕ್ಕದ ಗೋಡೆಯ ಮಾಡದಲ್ಲಿಟ್ಟರು. ಮೊದಲ ದಿನ ನಾನು ಮೂಲೆಯಲ್ಲಿ ಮುದುಡಿ ಕುಳಿತದ್ದನ್ನು ಕಂಡು, ಕಾಲು ಚಾಚು ಎಂದರು. ಹೊಸ ಸೊಸೆಗೆ ಹಾಗೆ ಹೇಳುವ ಅತ್ತೆ ಆ ಕಾಲದಲ್ಲಿ ಎಷ್ಟು ಜನಕ್ಕೆ ಸಿಕ್ಕಿದ್ದರೋ ಗೊತ್ತಿಲ್ಲ. ಇಪ್ಪತ್ತಾರು ವರ್ಷ ನಾವಿಬ್ಬರೂ ಸಂಜೆಗೆ ಕಟ್ಟೆಯ ಮೇಲೆ ಕಾಲು ಚಾಚಿಕೊಂಡೇ ಮಾತಾಡಿದೆವು.

ಏಕೀಕರಣವಾದ ವರ್ಷ ಅಪ್ಪನ ಶಾಲೆಯ ಪ್ರದರ್ಶನಕ್ಕೆ ಭುವನೇಶ್ವರಿಯ ಗೊಂಬೆ ಮಾಡಿಕೊಡಲು ವೈನಿಯನ್ನು ಕೇಳಿದರು. ಅವಳು ಒಪ್ಪಲಿಲ್ಲ. “ಆಕಿ ಹೆಂಗ ಕುಂಡ್ರತಾಳ ನಾ ನೋಡಿಲ್ರಿ” ಎಂದಳಂತೆ. ಅದರ ಬದಲು ಡಂಬಳದಾಕೆ, ಶಿರಹಟ್ಟಿಯಾಕೆ, ಮುಂಡರಗಿಯಾಕೆ, ಕುರ್ತಕೋಟಿಯಾಕೆ ಎಂದು ನಾಲ್ವರನ್ನು ಮಾಡಿ, ಒಂದೇ ಮೊರದ ಸುತ್ತ ಜೋಳ ಹಸನು ಮಾಡಲು ಕೂಡಿಸಿದಳು. ಜನ ಮುಗಿಬಿದ್ದು ನೋಡಿದರು. ತಮ್ಮೂರಿನಾಕೆಯೇ ಸರಿಯಾಗಿ ಕುಳಿತಿದ್ದಾಳೆಂದು ವಾದವನ್ನೂ ಮಾಡಿದರು.

ಅವಳು ಹೋದ ಸುದ್ದಿ ಬಂದಾಗ ನನಗೆ ಎಪ್ಪತ್ತು ದಾಟಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ವೈನಿಯನ್ನು ಗೋಡೆಗೆ ಆನಿಸಿ, ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿಸಿ ಕೂಡಿಸಿದ್ದರು. ಬೆನ್ನು ಮಾತ್ರ ಕಂಡಿದ್ದರೆ ಇದು ಅವಳೆಂದು ನಾನು ಗುರುತಿಸುತ್ತಿರಲಿಲ್ಲ. ಅವಳ ದೊಡ್ಡ ಮಗನಿಗೂ ಹಾಗೇ ಅನಿಸಿತ್ತೋ ಏನೋ, ನನ್ನ ಕಡೆ ತಿರುಗಿ, “ಅವ್ವ ಹಿಂಗ ಎಂದೂ ಕುಂತಾಕಿ ಅಲ್ಲ, ಅತ್ತಿ” ಎಂದ.

ಹೆಂಗಸರು ಜಾಗ ಮಾಡಿಕೊಟ್ಟರು. ಈಗ ನನ್ನ ಬಲ ಮೊಣಕಾಲೂ ಅತ್ತೆಯವರದರಂತೆಯೇ ಮಡಚಿದರೆ ನೋಯುತ್ತದೆ. ಅವಳೆದುರು ಗೋಡೆ ಹಿಡಿದು ಕುಳಿತು, ಅಷ್ಟು ಮಂದಿಯ ನಡುವೆ ಕಾಲು ಚಾಚಿದೆ. ಹೆಣದ ಮುಂದೆ ಕಾಲು ಚಾಚಬಾರದೆಂದು ಯಾರೋ ಮೆಲ್ಲಗೆ ನನ್ನ ಭುಜ ಮುಟ್ಟಿದರು.

“ಇರ್ಲಿ ಬಿಡವಾ,” ಅಂದೆ. “ಆಕಿ ನೋಡಲಿ.”